ಹಟ ಹಿಡಿದ ಬೋಲ್ಟು, ಹಾಳಾದ ತ್ರೆಡ್ಡು

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬರ ಲೇಖನ)

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕವನಕ್ಕೆ ಎಡೆಯುಂಟು, ಕತೆಗೆ ಎಡೆಯುಂಟು, ಪ್ರವಾಸದ ಅನುಭವಕ್ಕೂ ಮಹಾಪುರುಷರ ಜೀವನಕ್ಕೂ ಎಡೆಯುಂಟು. ಕಾರಿನ ಅಡಿಯಲ್ಲಿ ಅಂಗಾತ ಮಲಗಿ ತುಕ್ಕು ಹಿಡಿದ ಬೋಲ್ಟನ್ನು ಬಿಚ್ಚುವ ವಿದ್ಯೆಗೆ ಎಡೆಯುಂಟೆ? ಈ ಪ್ರಶ್ನೆಯನ್ನು ಹಲವು ದಿನ ನನ್ನಲ್ಲಿಯೇ ಕೇಳಿಕೊಂಡು, ಕೊನೆಗೆ ಅಳುಕಿನಿಂದಲೇ ಈ ಲೇಖನವನ್ನು ಸಂಪಾದಕರ ಕೈಗೆ ಒಪ್ಪಿಸಿದ್ದೇನೆ. ವಾಚಕರು ವಿಷಯದ ಎಣ್ಣೆ ಮಸಿಯನ್ನು ಕಂಡು ಮೂಗು ಮುರಿಯದೆ ಓದಬೇಕೆಂದು ಪ್ರಾರ್ಥನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ತಂದೆಯವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವರು. ಈಗ ಕೂಳೂರಿನ ಬಳಿ ತಗಡಿನ ಮಾಡಿನ ಕೆಳಗೆ ಅವರದೇ ಒಂದು ಸಣ್ಣ ಗ್ಯಾರೇಜು ಇದೆ. ರಜಾ ದಿನಗಳಲ್ಲಿ ಅವರ ಕೈಕೆಳಗೆ ಕೆಲಸ ಮಾಡುವುದು ನನ್ನ ವಾಡಿಕೆ. ಅವರ ಬಲಗೈಯ ಎರಡು ಬೆರಳುಗಳು ಪೂರ್ತಿಯಾಗಿ ಮಡಚುವುದಿಲ್ಲ. ನಾನು ಹುಟ್ಟುವ ಮೊದಲು, ಜಗ್ಗದ ಬೋಲ್ಟೊಂದನ್ನು ಮೈಯ ಬಲವನ್ನೆಲ್ಲ ಹಾಕಿ ತಿರುಗಿಸುವಾಗ ಪಾನ ಜಾರಿ ಕೈ ಹೋಗಿ ಛಾಸಿಗೆ ಬಡಿಯಿತಂತೆ. (ಸ್ಪ್ಯಾನರನ್ನು ಗ್ಯಾರೇಜಿನ ಭಾಷೆಯಲ್ಲಿ ಪಾನ ಎನ್ನುತ್ತಾರೆ.) ಆದುದರಿಂದ ಈ ವಿಷಯ ನನಗೆ ಪುಸ್ತಕದ ವಿಷಯವಲ್ಲ. ಪ್ರತಿದಿನ ಊಟದ ಎಲೆಯ ಮುಂದೆ ಎದುರಿಗೆ ಕಾಣುವ ವಿಷಯ.

ಬಿಗಿಯುವುದೆಂದರೇನು?

ಬೋಲ್ಟನ್ನು ಬಿಚ್ಚುವ ಮೊದಲು ಅದು ಹಿಡಿದುಕೊಳ್ಳುವುದು ಹೇಗೆಂದು ತಿಳಿಯಬೇಕು. ಬೋಲ್ಟಿನ ಮೈಮೇಲೆ ಸುರುಳಿಯಾಗಿ ಸುತ್ತಿದ ಏಣಿಗೆ ನಮ್ಮಲ್ಲಿ ಎಲ್ಲರೂ ತ್ರೆಡ್ಡು ಎಂದೇ ಹೇಳುತ್ತಾರೆ. ಇದು ವಾಸ್ತವವಾಗಿ ಕಂಬಕ್ಕೆ ಸುತ್ತಿದ ಒಂದು ಏರುದಾರಿ. ಘಾಟಿಯ ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಏರುವಂತೆ ನಟ್ಟು ಈ ದಾರಿಯಲ್ಲಿ ಸುತ್ತುತ್ತ ಮುಂದೆ ಸಾಗುತ್ತದೆ. ತಲೆ ತಾಗಿದ ಮೇಲೆಯೂ ತಿರುಗಿಸಿದರೆ ಬೋಲ್ಟಿನ ಮೈ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಹವಣಿಸುತ್ತದೆ. ಈ ಹವಣಿಕೆಯೇ ಬಿಗಿ. ಎಂದರೆ ಬೋಲ್ಟು ಒಂದು ಬಗೆಯ ಸ್ಪ್ರಿಂಗು.

ಇದರ ಬಲವನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ತಲೆಯ ಮೇಲೆ 8.8 ಎಂಬ ಗುರುತಿರುವ 10 ಮಿ.ಮೀ. ದಪ್ಪದ ಬೋಲ್ಟನ್ನು ತೆಗೆದುಕೊಳ್ಳಿ. ಕಾಲು ಮೀಟರು ಉದ್ದದ ಪಾನದ ತುದಿಯನ್ನು 20 ಕಿಲೋ ತೂಕದಷ್ಟು ಬಲದಿಂದ ಎಳೆದರೆ, ಅದು ಸುಮಾರು ಎರಡೂವರೆ ಟನ್ನು ಭಾರದಷ್ಟು ಒತ್ತಡದಿಂದ ಎರಡು ಭಾಗಗಳನ್ನು ಅಮುಕಿ ಹಿಡಿಯುತ್ತದೆ. ಎರಡು ಸಣ್ಣ ಕಾರುಗಳ ತೂಕಕ್ಕಿಂತಲೂ ಇದು ಹೆಚ್ಚು. ಇನ್ನೂ ಸೋಜಿಗವೆಂದರೆ ನಾವು ಹಾಕುವ ಶ್ರಮದಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ಸಲ್ಲುತ್ತದೆ; ಅರ್ಧದಷ್ಟು ತಲೆಯ ಅಡಿಯ ಘರ್ಷಣೆಗೆ, ಉಳಿದದ್ದು ತ್ರೆಡ್ಡಿನ ಘರ್ಷಣೆಗೆ ವ್ಯಯವಾಗುತ್ತದೆ. ಹೊಸ ಬೋಲ್ಟಿನ ಸ್ಥಿತಿಯೇ ಹೀಗಿರುವಲ್ಲಿ, ಆ ಸಂದಿಯಲ್ಲಿ ತುಕ್ಕು ಬೆಳೆದರೆ ಏನಾದೀತೆಂದು ಊಹಿಸಬಹುದು.

ನಮ್ಮೂರಿನ ತುಕ್ಕು

ತುಕ್ಕಿನ ವಿಷಯದಲ್ಲಿ ಮಂಗಳೂರು ಯಾವ ಊರಿಗೂ ಸೋಲುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಪಡುವಣ ಗಾಳಿಯಲ್ಲಿ ಕಡಲಿನ ಉಪ್ಪು. ಸಾಲದ್ದಕ್ಕೆ ಹಳೆ ಬಂದರಿನ ದಕ್ಕೆಯಿಂದ ಹೊರಡುವ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು. ಅವುಗಳ ಹಿಂದೆ ಓಡುವ ಕಾರಿನ ಹೊಟ್ಟೆಗೆ ಈ ನೀರು ನಿತ್ಯ ಅಭಿಷೇಕ ಮಾಡುತ್ತದೆ. ಕಬ್ಬಿಣ, ಆಮ್ಲಜನಕ, ನೀರು, ಈ ಮೂರು ಕೂಡಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದಾಗ ನೀರು ವಿದ್ಯುತ್ತಿನ ಒಳ್ಳೆಯ ವಾಹಕವಾಗಿ ತುಕ್ಕಿನ ವೇಗ ಬಹಳ ಹೆಚ್ಚುತ್ತದೆ.

ತುಕ್ಕೆಂದರೆ ಕಬ್ಬಿಣವು ತನ್ನ ತವರಿಗೆ ಮರಳುವುದೆಂದೇ ಹೇಳಬಹುದು. ಭೂಮಿಯಲ್ಲಿ ಕಬ್ಬಿಣ ಬಹುಮಟ್ಟಿಗೆ ಆಮ್ಲಜನಕದೊಡನೆ ಬೆರೆತೇ ದೊರೆಯುತ್ತದೆ. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ತೆಗೆದು ಕೊಳವೆಯ ಮೂಲಕ ಪಣಂಬೂರಿಗೆ ಹರಿಸುತ್ತಿದ್ದ ಅದಿರು ಇಂತಹದೇ. ನಮ್ಮ ಗೋಡೆಗಳ ಮುರಕಲ್ಲಿನ ಕೆಂಪು, 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಸರಾದ ಮಂಗಳೂರು ಹಂಚಿನ ಕೆಂಪು, ಕಾರಿನಡಿಯ ಬೋಲ್ಟಿನ ಕೆಂಪು, ಎಲ್ಲವೂ ಒಂದೇ ಕುಲದವು. ಮಾಡಿನ ಮೇಲೆ ಸೊಗಸಾದದ್ದು ಬೋಲ್ಟಿನ ಮೇಲೆ ಶಾಪವಾಗುತ್ತದೆ, ಅಷ್ಟೆ.

ಶಾಪವಾಗುವುದೇಕೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬಯಸುತ್ತದೆ. ಅದರ ಬಗೆಗೆ ತಕ್ಕಂತೆ ಎರಡು ಪಟ್ಟಿನಿಂದ ಆರು ಪಟ್ಟಿನ ತನಕ. ತ್ರೆಡ್ಡುಗಳ ನಡುವಣ ಸಂದಿಯಾದರೋ ಕೂದಲೆಳೆಯಷ್ಟು. ಆ ಸಂದಿಯಲ್ಲಿ ಉಬ್ಬಿದ ತುಕ್ಕು ಬೋಲ್ಟನ್ನೂ ನಟ್ಟನ್ನೂ ಬೆಣೆ ಬಡಿದಂತೆ ಬಂಧಿಸಿಬಿಡುತ್ತದೆ. ಅಲ್ಯೂಮಿನಿಯಮಿನ ಭಾಗಕ್ಕೆ ಉಕ್ಕಿನ ಬೋಲ್ಟು ಹಾಕಿದಲ್ಲಿ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಪುಟ್ಟದೊಂದು ಬ್ಯಾಟರಿಯೇ ಆಗಿ, ಅಲ್ಯೂಮಿನಿಯಮು ಬಿಳಿಯ ಪುಡಿಯಾಗಿ ಉಬ್ಬಿ ಹಿಡಿದುಕೊಳ್ಳುತ್ತದೆ. ಕೆಂಪು ತುಕ್ಕಿಗಿಂತ ಈ ಬಿಳಿಯ ತುಕ್ಕು ಹೆಚ್ಚು ಹಟಮಾರಿ ಎಂಬುದು ತಂದೆಯವರ ಅನುಭವ.

ಮೊದಲು ಜೀವ, ಆಮೇಲೆ ಬೋಲ್ಟು

ಕಾರಿನ ಅಡಿಗೆ ಹೋಗುವವನು ಮೊದಲು ತನ್ನ ಮೇಲಿರುವ ಭಾರವನ್ನು ನೆನೆಯಬೇಕು. ಜಾಕು ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ. ಎತ್ತಿದ ಕೂಡಲೇ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ನೆಲದಲ್ಲಿರುವ ಗಾಲಿಗಳಿಗೆ ಅಡ್ಡ ಇಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ, ಆ ಬಳಿಕವೇ ಒಳಗೆ ಹೋಗತಕ್ಕದ್ದು. ನಮ್ಮಲ್ಲಿ ಮುರಕಲ್ಲನ್ನೋ ಸಿಮೆಂಟಿನ ಬ್ಲಾಕನ್ನೋ ಕೊಟ್ಟು ಕೆಳಗೆ ನುಗ್ಗುವವರುಂಟು. ಗೋಡೆಯ ಭಾರವನ್ನು ಹೊರುವ ಮುರಕಲ್ಲು ಒಂದೇ ಬಿಂದುವಿನ ಮೇಲೆ ಬೀಳುವ ಭಾರವನ್ನು ತಾಳದೆ ಸೂಚನೆ ಕೊಡದೆ ಒಡೆಯುತ್ತದೆ. ಮಳೆಗಾಲದ ಮೆದು ನೆಲದಲ್ಲಿ ಜಾಕಿನ ಅಡಿಗೆ ದಪ್ಪ ಹಲಗೆ ಇರಲೇಬೇಕು.

ಕಣ್ಣಿಗೆ ಕನ್ನಡಕ ಎರಡನೆಯದು. ತುಕ್ಕಿನ ಹುಡಿ ನೇರ ಕಣ್ಣಿಗೇ ಬೀಳುತ್ತದೆ. ಮೂರನೆಯದು, ಪಾನವನ್ನು ಆದಷ್ಟು ಮಟ್ಟಿಗೆ ನಮ್ಮ ಕಡೆಗೆ ಎಳೆಯಬೇಕೇ ಹೊರತು ದೂಡಬಾರದು. ದೂಡಲೇಬೇಕಾದರೆ ಬೆರಳು ಮಡಚದೆ ತೆರೆದ ಅಂಗೈಯಿಂದ ದೂಡಬೇಕು. ತಂದೆಯವರ ಎರಡು ಬೆರಳುಗಳು ಕಲಿಸಿದ ಪಾಠವಿದು.

ಬಿಚ್ಚುವ ಕ್ರಮ

ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅಂಗಾತ ಮಲಗಿ, ಬೋಲ್ಟಿನ ತಲೆ ಆಚೆಗೂ ನಾವು ಈಚೆಗೂ ಇರುವಾಗ ಎಡಬಲಗಳು ಅದಲುಬದಲಾಗುತ್ತವೆ. ಬಿಚ್ಚುತ್ತೇನೆಂದು ಬಿಗಿಸಿ ಮುರಿದವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ. ತಿರುಗಿಸುವ ತಲೆಯ ಎದುರಿಗೆ ನಿಂತಂತೆ ಭಾವಿಸಿಕೊಂಡು ಎಡಬಲವನ್ನು ನಿಶ್ಚಯಿಸಬೇಕು. ಬೈಸಿಕಲ್ಲಿನ ಎಡ ಪೆಡಲಿನಂತೆ ಬೇಕೆಂದೇ ಎಡಮುರಿಯ ತ್ರೆಡ್ಡು ಮಾಡಿದ ಸ್ಥಳಗಳು ಕಾರಿನಲ್ಲಿಯೂ ಕೆಲವಿರುತ್ತವೆ ಎಂಬುದು ನೆನಪಿರಲಿ.

ಮೊದಲನೆಯ ಕೆಲಸ ಶುಚಿ ಮಾಡುವುದು. ನಟ್ಟಿನಿಂದ ಹೊರಗೆ ಚಾಚಿದ ತ್ರೆಡ್ಡನ್ನು ತಂತಿಯ ಬ್ರಶ್ಶಿನಿಂದ ಚೆನ್ನಾಗಿ ಉಜ್ಜಬೇಕು. ಉಜ್ಜದೆ ಬಿಚ್ಚಿದರೆ ಆ ಕೊಳೆಯನ್ನೆಲ್ಲ ನಟ್ಟು ತನ್ನ ಹೊಟ್ಟೆಗೆ ಎಳೆದುಕೊಂಡು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಎಣ್ಣೆ. ಇಲ್ಲಿ ಬೇಕಾದದ್ದು ದಪ್ಪನೆಯ ಎಣ್ಣೆಯಲ್ಲ, ಸಂದಿಗೆ ತಾನಾಗಿ ಹರಿಯುವ ತೆಳುವಾದ ಎಣ್ಣೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವ ಲೋಮಾಕರ್ಷಣೆಯ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಇದಕ್ಕಾಗಿಯೇ ಮಾಡಿದ ಎಣ್ಣೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಎಲ್ಲ ಗ್ಯಾರೇಜುಗಳಲ್ಲಿಯೂ ಕಾಣುವ ಡಬ್ಲ್ಯೂಡಿ-40 ಎಂಬುದು 1953ರಲ್ಲಿ ಅಮೆರಿಕದಲ್ಲಿ ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕೆಂದು ಹುಟ್ಟಿದ್ದು. ಸಡಿಲಿಸುವುದಕ್ಕೆಂದೇ ಮಾಡಿದ ಎಣ್ಣೆಗಳು ಬೇರೆಯೇ ಇವೆ. ಎಣ್ಣೆಗಿಂತಲೂ ಮುಖ್ಯವಾದದ್ದು ಕಾಲ. ಸಂಜೆ ಹಾಕಿ, ರಾತ್ರಿ ಮತ್ತೆ ಹಾಕಿ, ಬೆಳಗ್ಗೆ ಕೈ ಹಚ್ಚಿದರೆ ಅರ್ಧ ಜಯ ದೊರೆತಂತೆಯೇ. ತಾಳಿದವನು ಬಾಳಿಯಾನು ಎಂಬ ಗಾದೆ ಬೋಲ್ಟಿಗೂ ಒಪ್ಪುತ್ತದೆ.

ಮೂರನೆಯದು ಸರಿಯಾದ ಪಾನ. ಹನ್ನೆರಡು ಮೂಲೆಯ ಪಾನ ಬೋಲ್ಟಿನ ತಲೆಯ ಮೂಲೆಗಳನ್ನೇ ಹಿಡಿದು ಸವೆಸುತ್ತದೆ. ಆರು ಮೂಲೆಯ ಸಾಕೆಟ್ಟು ತಲೆಯ ಬದಿಗಳನ್ನು ಹಿಡಿಯುತ್ತದೆ. ಹಟಮಾರಿ ಬೋಲ್ಟಿಗೆ ಆರು ಮೂಲೆಯದೇ ಬೇಕು, ಅದೂ ತಲೆಯ ಮೇಲೆ ಪೂರ್ತಿಯಾಗಿ ಕುಳಿತಿರಬೇಕು.

ನಾಲ್ಕನೆಯದು ಪೆಟ್ಟು. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಚುರುಕಾದ ಪೆಟ್ಟು ಕೊಟ್ಟರೆ ಒಳಗಿನ ತುಕ್ಕಿನ ಹೆಪ್ಪು ಬಿರುಕು ಬಿಡುತ್ತದೆ; ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ಹೊರಗೆ ಚಾಚಿದ ತ್ರೆಡ್ಡಿನ ತುದಿಗೆ ಮಾತ್ರ ಬಡಿಯಬಾರದು; ಬಡಿಯಲೇಬೇಕಾದರೆ ನಟ್ಟನ್ನು ತುದಿಯ ಮಟ್ಟಕ್ಕೆ ತಂದು ಬಡಿಯಬೇಕು.

ಐದನೆಯದು, ಹೊಸಬರಿಗೆ ವಿಚಿತ್ರವಾಗಿ ಕಾಣುವ ಉಪಾಯ: ಮೊದಲು ಸ್ವಲ್ಪ ಬಿಗಿಸುವುದು. ಎಳ್ಳಷ್ಟು ಬಿಗಿಸಿದರೂ ತುಕ್ಕಿನ ಹಿಡಿತ ಮುರಿಯುತ್ತದೆ. ಅನಂತರ ಕಾಲು ಸುತ್ತು ಹಿಂದೆ, ಅರ್ಧಪಾಲು ಮುಂದೆ, ಮತ್ತೆ ಎಣ್ಣೆ, ಮತ್ತೆ ಹಿಂದೆ. ಹೀಗೆ ಓಲೈಸಿ ತರಬೇಕು.

ಇಲ್ಲಿ ಕೈಯ ಜಾಣ್ಮೆ ಬೇಕು. ಬಿಚ್ಚಿಕೊಳ್ಳುವ ಬೋಲ್ಟು ಟಕ್ಕೆಂದು ಸದ್ದು ಮಾಡಿ ಒಮ್ಮೆಗೇ ಸಡಿಲುತ್ತದೆ. ಮುರಿಯುವ ಬೋಲ್ಟು ಸದ್ದಿಲ್ಲದೆ, ಬೆಲ್ಲದ ಪಾಕದಂತೆ ಮೆತ್ತಗೆ ತಿರುಗುತ್ತದೆ. ತಿರುಗುತ್ತಿದೆಯೆಂದು ನಾವು ಹಿಗ್ಗುವಾಗ ಅದು ಒಳಗೆ ತಿರುಚಿಕೊಳ್ಳುತ್ತಿರುತ್ತದೆ. ಈ ಮೆತ್ತನೆಯ ಸ್ಪರ್ಶ ತಿಳಿದ ಕ್ಷಣವೇ ಕೈ ನಿಲ್ಲಿಸಬೇಕು. ಪಾನಕ್ಕೆ ಉದ್ದನೆಯ ಪೈಪು ತೊಡಿಸಿದರೆ ಈ ಸ್ಪರ್ಶವೇ ಮಾಯವಾಗುತ್ತದೆ. ಕಾಲು ಮೀಟರಿನ ಬದಲು ಒಂದು ಮೀಟರಿನ ಪೈಪಿನಲ್ಲಿ ಅದೇ 20 ಕಿಲೋ ಬಲ ಹಾಕಿದರೆ ತಿರುಚುವ ಶಕ್ತಿ ನಾಲ್ಕು ಪಟ್ಟಾಗುತ್ತದೆ, 10 ಮಿ.ಮೀ. ಬೋಲ್ಟು ಅದನ್ನು ತಾಳಲಾರದು.

ಕೊನೆಯ ಅಸ್ತ್ರ ಬೆಂಕಿ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ಕಮ್ಮಾರನು ಪಟ್ಟಿಯನ್ನು ಕಾಸಿ ಹಿಗ್ಗಿಸಿ ತೊಡಿಸುತ್ತಿದ್ದುದನ್ನು ಹಿರಿಯರು ಬಲ್ಲರು. ನಟ್ಟಿಗೂ ಅದೇ ನ್ಯಾಯ. ಕಾದರೆ ನಟ್ಟಿನ ತೂತು ಕಿರಿದಾಗುತ್ತದೆಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಉಂಗುರ ಹಿಗ್ಗುವಾಗ ಅದರ ತೂತೂ ಹಿಗ್ಗುತ್ತದೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ನಟ್ಟನ್ನು 300 ಡಿಗ್ರಿ ಹೆಚ್ಚು ಕಾಸಿದರೆ 10 ಮಿ.ಮೀ. ತೂತು 0.036 ಮಿ.ಮೀ. ಹಿಗ್ಗುವುದು, ತಲೆಗೂದಲಿನ ದಪ್ಪದ ಅರ್ಧದಷ್ಟು. ಅಷ್ಟು ಸಾಕು. ಬೋಲ್ಟನ್ನು ಬಿಟ್ಟು ನಟ್ಟನ್ನೇ ಕಾಸಬೇಕು; ಬಿಸಿ ಆರುವಾಗ ಮೇಣದ ಬತ್ತಿಯನ್ನು ಸಂದಿಗೆ ತಾಗಿಸಿದರೆ ಮೇಣ ಕರಗಿ ಒಳಗೆ ಇಳಿದು ಜಾರಿಕೆ ಕೊಡುತ್ತದೆ.

ಆದರೆ ಪೆಟ್ರೋಲಿನ ಟ್ಯಾಂಕು, ಇಂಧನದ ಕೊಳವೆ, ಬ್ರೇಕಿನ ರಬ್ಬರು, ಇವುಗಳ ಬಳಿ ಬೆಂಕಿ ಕೂಡದು. ಎಣ್ಣೆ ತೊಟ್ಟಿಕ್ಕುವಲ್ಲಿಯೂ ಕೂಡದು. ಬ್ರೇಕು ತೊಳೆಯುವ ದ್ರವಗಳಲ್ಲಿ ಕೆಲವು ಕ್ಲೋರಿನ್ ಇರುವಂಥವು. ಅವು ತಾಗಿದ ಲೋಹವನ್ನು ಕಾಸಿದರೆ ಫಾಸ್ಜೀನ್ ಎಂಬ ವಿಷವಾಯು ಹುಟ್ಟುವ ಸಂಭವವಿದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಾಯು ಇದೇ. ಇತಿಹಾಸದ ತರಗತಿಯಲ್ಲಿ ಕೇಳಿದ ಈ ಹೆಸರನ್ನು ನಮ್ಮ ಗ್ಯಾರೇಜಿನ ಡಬ್ಬಿಯೊಂದಿಗೆ ಜೋಡಿಸಿ ತಂದೆಯವರಿಗೆ ತಿಳಿಸಿದ ದಿನ, ನನ್ನ ಓದಿನಿಂದ ಮನೆಗೆ ಮೊದಲ ಬಾರಿಗೆ ಒಂದು ಉಪಕಾರವಾಯಿತೆಂದು ನನಗೆ ಅನಿಸಿತು.

ತುಂಡಾದರೆ

ಇಷ್ಟೆಲ್ಲ ಮಾಡಿದರೂ ಮುರಿಯುವುದುಂಟು. ತುಂಡು ಹೊರಗೆ ಚಾಚಿಕೊಂಡಿದ್ದರೆ ಇಕ್ಕುಳದಿಂದ ಬಿಗಿ ಹಿಡಿದು ತಿರುಗಿಸಬಹುದು. ತ್ರೆಡ್ಡು ಉಳಿದಿದ್ದರೆ ಅದರ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿಸಿ ಒಳಗಿನ ನಟ್ಟನ್ನು ತಿರುಗಿಸಬಹುದು. ಎಲ್ಲಕ್ಕಿಂತ ಒಳ್ಳೆಯದು, ತುಂಡಿನ ಮೇಲೊಂದು ನಟ್ಟನ್ನಿಟ್ಟು ಒಳಗಿನಿಂದ ವೆಲ್ಡು ಮಾಡುವುದು. ವೆಲ್ಡಿನ ಶಾಖವೇ ತುಕ್ಕನ್ನು ಒಡೆಯುತ್ತದೆ, ಹಿಡಿಯಲು ಹೊಸ ತಲೆಯೂ ದೊರೆಯುತ್ತದೆ.

ತುಂಡು ಮಟ್ಟಸವಾಗಿ ಮುರಿದಿದ್ದರೆ ಕೊರೆಯದೆ ಗತ್ಯಂತರವಿಲ್ಲ. ಇಲ್ಲಿ ನಡುಬಿಂದುವೇ ಸರ್ವಸ್ವ. ಪಂಚಿನಿಂದ ನಟ್ಟನಡುವೆ ಗುರುತು ಮಾಡಿ, ಸಣ್ಣ ಡ್ರಿಲ್ಲಿನಿಂದ ತೊಡಗಿ ಹಂತಹಂತವಾಗಿ ದೊಡ್ಡದಕ್ಕೆ ಹೋಗಬೇಕು. ಎಡಕ್ಕೆ ತಿರುಗುತ್ತ ಕೊರೆಯುವ ಡ್ರಿಲ್ಲುಗಳುಂಟು. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಹೊರಗೆ ಬರುತ್ತದೆ. ಒಂದು ಬದಿಗೆ ಸರಿದರೆ ಡ್ರಿಲ್ಲು ಗಟ್ಟಿಯಾದ ಬೋಲ್ಟನ್ನು ಬಿಟ್ಟು ಮೆತ್ತನೆಯ ಭಾಗಕ್ಕೆ ನುಗ್ಗಿ ತೂತನ್ನೇ ಕೆಡಿಸುತ್ತದೆ.

ಕೊರೆದ ತೂತಿಗೆ ಎಡಸುರುಳಿಯ ಎಕ್ಸ್‌ಟ್ರಾಕ್ಟರು ಎಂಬ ಉಪಕರಣವನ್ನು ತಿರುಗಿಸಿ ತುಂಡನ್ನು ಎಳೆಯುವುದು ರೂಢಿ. ಇದರಲ್ಲೊಂದು ಅಪಾಯವಿದೆ. ಅದು ಬಹಳ ಗಡಸಾದ ಉಕ್ಕು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಮುಟ್ಟಲಾರದು. ದಪ್ಪ ಬೋಲ್ಟನ್ನೇ ಮುರಿದ ತುಕ್ಕನ್ನು ಅದಕ್ಕಿಂತ ತೆಳುವಾದ ಉಪಕರಣ ಗೆಲ್ಲುವುದೆಂದು ನಂಬುವುದು ಸಾಹಸವೇ ಸರಿ. ಶಾಖವನ್ನೂ ಎಣ್ಣೆಯನ್ನೂ ಕೊಟ್ಟ ಮೇಲೆ ಮಾತ್ರ ಇದಕ್ಕೆ ಕೈ ಹಾಕಬೇಕು.

ತ್ರೆಡ್ಡಿನ ಚಿಕಿತ್ಸೆ

ಬೋಲ್ಟು ಬಂತು, ಆದರೆ ತೂತಿನ ತ್ರೆಡ್ಡು ಕೆಟ್ಟಿತು. ಈಗ ಏನು ಮಾಡಬೇಕು? ಮೊದಲು ಅದು ಯಾವ ತ್ರೆಡ್ಡೆಂದು ತಿಳಿಯಬೇಕು. ಹಿಂದೆ ಒಂದೊಂದು ಕಾರ್ಖಾನೆಗೆ ಒಂದೊಂದು ಅಳತೆ ಇತ್ತು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 55 ಡಿಗ್ರಿ ಕೋನದ ಒಂದೇ ಪದ್ಧತಿಯನ್ನು ಸೂಚಿಸಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿಯದನ್ನು ಮುಂದಿಟ್ಟನು. ಇಂದಿನ ಮೆಟ್ರಿಕ್ ತ್ರೆಡ್ಡಿಗೂ 60 ಡಿಗ್ರಿ ಕೋನವೇ. ನಮ್ಮ ದೇಶ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ಬಂದರೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ 2014ರಲ್ಲಿ ತಯಾರಿ ನಿಂತ ಅಂಬಾಸಡರಿನಂತಹ ಹಳೆಯ ಗಾಡಿಗಳಲ್ಲಿ ಇಂಚಿನ ತ್ರೆಡ್ಡು ಕಾಣಸಿಗುತ್ತದೆ. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ. ಕಣ್ಣಿಗೆ ಅದೂ 8 ಮಿ.ಮೀ. ಬೋಲ್ಟೂ ಅವಳಿಜವಳಿ. ಒಂದರ ಮನೆಗೆ ಇನ್ನೊಂದು ಎರಡು ಸುತ್ತು ಹೋಗಿ, ಬಲ ಹಾಕಿದೊಡನೆ ತ್ರೆಡ್ಡನ್ನು ತಿಂದುಹಾಕುತ್ತದೆ.

ಇದನ್ನು ಅರಿಯಲು ಹಲ್ಲಿನ ಗೇಜು ಎಂಬ ಉಪಕರಣವಿದೆ. ಅದಿಲ್ಲದಿದ್ದರೆ ತಿಳಿದ ಬೋಲ್ಟೊಂದನ್ನು ಇದರ ಪಕ್ಕಕ್ಕೆ ಒತ್ತಿ ಬೆಳಕಿಗೆ ಹಿಡಿಯಬೇಕು; ಹಲ್ಲಿಗೆ ಹಲ್ಲು ಕೂತು ನಡುವೆ ಬೆಳಕು ತೂರದಿದ್ದರೆ ಎರಡೂ ಒಂದೇ ಜಾತಿ. ತಂದೆಯವರು ಹೆಬ್ಬೆರಳಿನ ಉಗುರನ್ನು ತ್ರೆಡ್ಡಿನ ಮೇಲೆ ಎಳೆದು ಹೇಳಿಬಿಡುತ್ತಾರೆ.

ತ್ರೆಡ್ಡು ಬರಿಯ ಕೊಳೆಯಾಗಿದ್ದರೆ ಅಥವಾ ಮೊದಲ ಒಂದೆರಡು ಸುತ್ತು ಮಾತ್ರ ನುಗ್ಗಾಗಿದ್ದರೆ ಅದೇ ಅಳತೆಯ ಟ್ಯಾಪು ಎಂಬ ಕತ್ತರಿಸುವ ತಿರುಪನ್ನು ಓಡಿಸಿದರೆ ಸಾಕು. ಎಣ್ಣೆ ಹಚ್ಚಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬರುವುದು ಕತ್ತರಿಸಿದ ಲೋಹದ ಸಿಪ್ಪೆ ತುಂಡಾಗಲೆಂದು. ಇದನ್ನು ಮರೆತರೆ ಟ್ಯಾಪು ಸಿಕ್ಕಿ ಮುರಿದು ರೋಗಕ್ಕಿಂತ ಮದ್ದೇ ಭಾರವಾಗುತ್ತದೆ.

ಹೊಸದಾಗಿ ತ್ರೆಡ್ಡು ಕತ್ತರಿಸುವಾಗ ಎಷ್ಟು ತೂತು ಕೊರೆಯಬೇಕು? 8 ಮಿ.ಮೀ. ಬೋಲ್ಟಿಗೆ 6.8, ಹತ್ತಕ್ಕೆ ಎಂಟೂವರೆ ಎಂದು ತಂದೆಯವರಿಗೆ ಬಾಯಿಪಾಠ. ಏಕೆಂದು ಕೇಳಿದರೆ ಗುರುಗಳು ಹಾಗೆ ಹೇಳಿಕೊಟ್ಟರು ಎನ್ನುವರು. ನಾನು ಹುಡುಕಿದಾಗ ಸೂತ್ರ ಬಹಳ ಸರಳವಾಗಿತ್ತು. ಬೋಲ್ಟಿನ ದಪ್ಪದಿಂದ ಒಂದು ಹಲ್ಲಿನ ಅಂತರವನ್ನು ಕಳೆದರೆ ತೂತಿನ ಅಳತೆ. 8ರಿಂದ 1.25 ಕಳೆದರೆ 6.75, 10ರಿಂದ 1.5 ಕಳೆದರೆ 8.5. ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ಹಾಗಾದರೆ ಬಾಯಿಪಾಠ ಬೇಕಿರಲಿಲ್ಲ ಅಲ್ಲವೋ” ಎಂದರು. ಮೂವತ್ತು ವರ್ಷ ಹೊತ್ತ ಹೊರೆಯನ್ನು ಇಳಿಸಿದವರಂತೆ ಕಂಡರು.

ತ್ರೆಡ್ಡು ಪೂರ್ತಿ ಹೋಗಿದ್ದರೆ ಮೂರು ದಾರಿಗಳಿವೆ. ಒಂದು, ತೂತನ್ನು ದೊಡ್ಡದು ಮಾಡಿ ದೊಡ್ಡ ಬೋಲ್ಟು ಹಾಕುವುದು. ಸುತ್ತ ಸಾಕಷ್ಟು ಲೋಹ ಉಳಿದಿದ್ದರೆ ಮಾತ್ರ. ಎರಡು, ಆಚೆ ಬದಿಗೆ ಎಡೆಯಿದ್ದರೆ ಉದ್ದ ಬೋಲ್ಟು ತೂರಿಸಿ ನಟ್ಟು ಹಾಕುವುದು. ಮೂರು, ಹೆಲಿಕಾಯಿಲಿನಂತಹ ಸುರುಳಿ ತಂತಿಯನ್ನು ಕೂರಿಸುವುದು. 8 ಮಿ.ಮೀ. ತ್ರೆಡ್ಡಿಗಾದರೆ ಸುಮಾರು 8.3 ಮಿ.ಮೀ. ಕೊರೆದು, ಅದರ ವಿಶೇಷ ಟ್ಯಾಪಿನಿಂದ ಕತ್ತರಿಸಿ, ಸ್ಟೆಯಿನ್‌ಲೆಸ್ ಉಕ್ಕಿನ ಸುರುಳಿಯನ್ನು ತಿರುಗಿಸಿ ಇಳಿಸಿದರೆ ಒಳಗೆ ಮೊದಲಿನ ಅಳತೆಯ ಹೊಸ ತ್ರೆಡ್ಡು ಸಿದ್ಧ. ಮೆತ್ತನೆಯ ಅಲ್ಯೂಮಿನಿಯಮಿನಲ್ಲಿ ಇದು ಹುಟ್ಟು ತ್ರೆಡ್ಡಿಗಿಂತಲೂ ಗಟ್ಟಿಯಾಗಿರುವುದುಂಟು. ಎಂಜಿನ್ ಎಣ್ಣೆಯ ಪಾತ್ರೆಯ ಡ್ರೈನ್ ಬೋಲ್ಟಿಗೆ ಇದು ಹೇಳಿ ಮಾಡಿಸಿದ ಚಿಕಿತ್ಸೆ.

ಮರಳಿ ಜೋಡಿಸುವಾಗ ಬೋಲ್ಟನ್ನು ಬೆರಳಿನಿಂದಲೇ ತೊಡಗಬೇಕು. ಮೊದಲು ಎಡಕ್ಕೆ ತಿರುಗಿಸಿ, ಹಲ್ಲು ಹಲ್ಲಿನಿಂದ ಇಳಿದು ಟಿಕ್ಕೆಂದದ್ದು ಬೆರಳಿಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಿದರೆ ಅಡ್ಡ ತ್ರೆಡ್ಡಾಗುವುದಿಲ್ಲ. ಉಪ್ಪಿನಕಾಯಿ ಭರಣಿಯ ತಿರುಪು ಮುಚ್ಚಳವನ್ನು ಮನೆಯಲ್ಲಿ ಹೀಗೆಯೇ ಹಾಕುತ್ತೇವಲ್ಲವೆ? ತುಕ್ಕು ತಡೆಯುವ ತಾಮ್ರದ ಪುಡಿಯ ಗ್ರೀಸನ್ನು ಸಲ್ಲುವಲ್ಲಿ ಹಚ್ಚಬಹುದು. ಆದರೆ ಗ್ರೀಸು ಘರ್ಷಣೆಯನ್ನು ಕಡಮೆ ಮಾಡುವುದರಿಂದ ಅದೇ ಬಲಕ್ಕೆ ಬೋಲ್ಟು ಹೆಚ್ಚು ಹಿಗ್ಗುತ್ತದೆ. ಆದುದರಿಂದ ತಯಾರಕರು ಹೇಳದೆ ಗಾಲಿಯ ನಟ್ಟಿಗೆ ಅದನ್ನು ಹಚ್ಚಕೂಡದು.

ಎಲ್ಲಿ ನಿಲ್ಲಿಸಬೇಕು?

ಈ ವಿದ್ಯೆಯ ಕೊನೆಯ ಪಾಠವನ್ನು ಕಳೆದ ಮಳೆಗಾಲದಲ್ಲಿ ಕಲಿತೆ. ಒಂದು ಸಂಜೆ ಟ್ಯಾಕ್ಸಿಯೊಂದು ಮುಂದಿನ ಬ್ರೇಕಿನ ಕೆಲಸಕ್ಕೆ ಬಂತು. ಚಾಲಕನಿಗೆ ಮರುದಿನ ನಸುಕಿನಲ್ಲಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬಾಡಿಗೆ ಇತ್ತು. ಬ್ರೇಕನ್ನು ಹಿಡಿದ ದೊಡ್ಡ ಬೋಲ್ಟನ್ನು ಬಿಚ್ಚಿದಾಗ ಅದರ ಹಲ್ಲುಗಳ ನಡುವೆ ಲೋಹದ ಸುರುಳಿಯೊಂದು ಅಂಟಿಕೊಂಡು ಬಂತು. ಹಿಂದೆ ಯಾರೋ ಅಡ್ಡವಾಗಿ ತುರುಕಿ ಬಿಗಿಸಿದ್ದರು. ಗಾಲಿಯ ಗೂಟದ ಎರಕದ ಒಳಗಿನ ತ್ರೆಡ್ಡು ಪೂರ್ತಿ ಕಿತ್ತುಹೋಗಿತ್ತು.

ನಾನು ಜಾಣತನ ತೋರಲು ಹೋದೆ. ತೆಳುವಾದ ತಗಡಿನ ಚೂರನ್ನು ಸುತ್ತಿ ಅದೇ ಬೋಲ್ಟನ್ನು ಹಾಕಿದರೆ ಸದ್ಯಕ್ಕೆ ಬಿಗಿಯುತ್ತದೆ, ಘಾಟಿಗೆ ಹೋಗಿ ಬಂದ ಮೇಲೆ ನೋಡೋಣ ಎಂದೆ. ಚಾಲಕನೂ ಒಪ್ಪಿದನು. ತಂದೆಯವರು ಪಾನವನ್ನು ಕೆಳಗಿಟ್ಟರು. “ಸೈಲೆನ್ಸರಿನ ಬೋಲ್ಟಿಗೆ ಸುಳ್ಳು ಹೇಳಬಹುದು, ಅದು ಬಿದ್ದರೆ ಸದ್ದು ಮಾಡುತ್ತದೆ. ಬ್ರೇಕಿನ ಬೋಲ್ಟಿಗೆ ಸುಳ್ಳು ಹೇಳಬಾರದು, ಅದು ಸದ್ದು ಮಾಡುವ ಹೊತ್ತಿಗೆ ಘಾಟಿಯ ತಿರುವು ಬಂದಿರುತ್ತದೆ” ಎಂದರು.

ಬ್ರೇಕು, ಸ್ಟಿಯರಿಂಗು, ಸಸ್ಪೆನ್ಶನ್ನು, ಈ ಮೂರರಲ್ಲಿ ತ್ರೆಡ್ಡು ಕಿತ್ತರೆ ಭಾಗವನ್ನೇ ಬದಲಿಸತಕ್ಕದ್ದು ಎಂಬುದು ಅವರ ನಿಯಮ. ತಯಾರಕರು ಒಪ್ಪಿದ ಚಿಕಿತ್ಸೆಯಿದ್ದರೆ ಅದನ್ನು ಸರಿಯಾದ ಉಪಕರಣವುಳ್ಳವರು ಮಾಡಬೇಕು. ಮಳೆಯ ಸಂಜೆ, ಟಾರ್ಚಿನ ಬೆಳಕಿನಲ್ಲಿ, ನಾಳೆಯ ಬಾಡಿಗೆಯ ಆತುರದಲ್ಲಿ ಅಲ್ಲ. ಚಾಲಕನು ಬಹಳ ಕೋಪಿಸಿಕೊಂಡನು. ಅವನ ಕಷ್ಟವೂ ನಿಜವಾದದ್ದೇ. ಒಂದು ದಿನದ ಬಾಡಿಗೆ ಹೋದರೆ ಸಾಲದ ಕಂತು ಯಾರು ಕಟ್ಟುವರು? ಗಾಡಿ ಎರಡು ದಿನ ನಮ್ಮಲ್ಲಿಯೇ ನಿಂತಿತು. ಬೇರೆ ಭಾಗ ತರಿಸಿ, ಹೊಸ ಬೋಲ್ಟು ಹಾಕಿ, ಟಾರ್ಕ್ ಪಾನದಿಂದ ಅಳೆದು ಬಿಗಿಸಿ ಕೊಟ್ಟೆವು. ತಂದೆಯವರು ತಮ್ಮ ಕೂಲಿಯನ್ನು ಕೇಳಲಿಲ್ಲ. ಆ ಚಾಲಕ ಮತ್ತೆ ನಮ್ಮಲ್ಲಿಗೆ ಬಂದಿಲ್ಲ. ಒಂದು ದಿನ ಈ ಮಾತೆತ್ತಿದಾಗ ತಂದೆಯವರು, “ಬಾರದಿರಲಿ ಮಗಾ, ಅವನು ಘಾಟಿ ಇಳಿದು ಮನೆಗೆ ಹೋಗುತ್ತಿದ್ದಾನಲ್ಲ” ಎಂದು ಹೇಳಿ ಕೆಲಸಕ್ಕೆ ತೊಡಗಿದರು.

ಸಹಪಾಠಿಗಳೇ, ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಆ ಕೆಸರಿನ ಕೈಯಲ್ಲಿ ಒಂದು ಶಾಸ್ತ್ರವೂ ಒಂದು ನೀತಿಯೂ ಇದೆಯೆಂಬುದನ್ನು ಬರೆದವರು ಕಡಮೆ, ನಾನೂ ಬರೆದಿರಲಿಲ್ಲ. ಮೊದಲನೆಯ ವರ್ಷ ತಂದೆಯವರ ವೃತ್ತಿಯನ್ನು ಕೇಳಿದವರಿಗೆ ‘ವ್ಯಾಪಾರ’ ಎಂದು ಹೇಳಿದವನು ನಾನು. ಈ ವರ್ಷ ಪದವಿ ಪಡೆದು ಹೊರಗೆ ಹೋಗುವ ಮೊದಲು ಆ ಸುಳ್ಳನ್ನು ಈ ಸಂಚಿಕೆಯಲ್ಲಿ ತಿದ್ದಬೇಕೆನಿಸಿತು. ನನ್ನ ತಂದೆ ಮೆಕ್ಯಾನಿಕ್. ಮೇಲೆ ಬರೆದುದರಲ್ಲಿ ಸರಿಯಾದದ್ದು ಬಹುಪಾಲು ಅವರದು. ತಪ್ಪೇನಾದರೂ ಇದ್ದರೆ ನನ್ನದು.